ಬಲಮೂಲೆಯ ಕಲ್ಲು

ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಯಾವ ಕಡೆ ಕತ್ತೆತ್ತಿದರೂ ಖಲೀಮುಲ್ಲಾನ ಕೈಬರಹವೇ ಕಾಣುತ್ತಿತ್ತು. ಸೈಕಲ್ ಷಾಪು, ಬಟ್ಟೆ ಅಂಗಡಿ, ಹಲ್ಲಿನ ಡಾಕ್ಟರು, ರೇಷ್ಮೆ ಗೂಡಿನ ಮಂಡಿ, ಕಡೆಗೆ ಇಲ್ಲಿ ಮೂತ್ರ ಮಾಡಬಾರದು ಎಂಬ ಗೋಡೆಬರಹ ಕೂಡ ಅವನದೇ. ಅಂಥಿಂಥ ಅಕ್ಷರವಲ್ಲ ಬಿಡಿ ಅದು. ಒಂದೊಂದರ ಬಲಕ್ಕೂ ಕೆಳಕ್ಕೂ ಕರೀ ನೆರಳು ಕೊಟ್ಟನೆಂದರೆ ಅಕ್ಷರ ಹಲಗೆಯಿಂದ ಎದ್ದು ಬಂದು ಎದುರಿಗೆ ನಿಲ್ಲುತ್ತಿತ್ತು. ಎಲ್ಲ ಮುಗಿದ ಮೇಲೆ ಸಣ್ಣ ಬ್ರಷ್ಷು ತೆಗೆದುಕೊಂಡು ಬಲಗಡೆ ಕೆಳಮೂಲೆಯಲ್ಲಿ ‘ಖಲೀಮ್’ ಎಂದು ಹೆಸರು ಹಾಕಿ, ಅದರ ಬಾಲವನ್ನೇ ಹಿಂದಕ್ಕೆಳೆದು ಅಡಿಗೆ ಒಂದು ಗೆರೆ. ಅದಾದ ಮೇಲೇ ಬ್ರಷ್ಷು ಸೀಮೆಎಣ್ಣೆ ಡಬ್ಬಿಗೆ ಹೋಗುತ್ತಿದ್ದದ್ದು. ಚಿಂತಾಮಣಿಯಲ್ಲಿ ಅವನಿಗೆ ಕೆಲಸ ಕಲಿಸಿದ ಉಸ್ತಾದರ ಪದ್ಧತಿ ಅದು. ಹೆಸರು ಬಿದ್ದರೇ ಕೆಲಸ ಮುಗಿದ ಹಾಗೆ, ಮುಂದಿನ ಗಿರಾಕಿ ಆ ಹೆಸರು ಹುಡುಕಿಕೊಂಡು ಬರಬೇಕು. ಹದಿನಾರು ವರ್ಷ ಖಲೀಮುಲ್ಲಾ ಇದನ್ನು ಒಂದು ದಿನವೂ ತಪ್ಪಿಸಿರಲಿಲ್ಲ.

ಇಂಥಾ ಕೈಯವನಿಗೆ ಒಂದು ಬಂಡೆಯ ಚಿತ್ರ ಬರೆಯಲು ಬರುತ್ತಿರಲಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ನಂಬಿ. ಬರುತ್ತಿರಲಿಲ್ಲ.

ಬೋರ್ಡು ಬರೆಯುವವನಿಗೆ ಬಂಡೆ ಯಾಕೆ ಬೇಕು ಎಂದು ಕೇಳಬಹುದು. ಡ್ರಾಯಿಂಗ್ ಮೇಷ್ಟ್ರ ಪರೀಕ್ಷೆಗೆ ಬೇಕು. ಅದೊಂದು ಪಾಸಾದರೆ ಹೈಸ್ಕೂಲಿನಲ್ಲಿ ಕೆಲಸ, ತಿಂಗಳು ತಿಂಗಳು ಸಂಬಳ. ಜ್ಯಾಮಿತಿ, ಅಕ್ಷರ, ಹೂಬಳ್ಳಿ, ಎಲ್ಲ ಪೇಪರಿನಲ್ಲೂ ಅವನು ಪಾಸಾಗಿದ್ದ. ನಿಸರ್ಗಚಿತ್ರದ ಪೇಪರಿನಲ್ಲಿ ಮಾತ್ರ ಎರಡು ಸಲ ಡುಮ್ಕಿ ಹೊಡೆದಿದ್ದ. ಈಗ ಎಂಬತ್ತಾರನೇ ಇಸವಿ. ಆಗಸ್ಟಿಗೆ ಅವನಿಗೆ ಕೆಲಸಕ್ಕೆ ಸೇರುವ ವಯಸ್ಸು ದಾಟುತ್ತಿತ್ತು. ಅಂದರೆ ಈ ಏಪ್ರಿಲ್ಲಿನ ಪರೀಕ್ಷೆಯೇ ಕಟ್ಟಕಡೆಯದು.

ಅವನಿಗೆ ಮೇಷ್ಟ್ರು ಅನ್ನಿಸಿಕೊಳ್ಳುವ ಹುಚ್ಚೇನೂ ಇರಲಿಲ್ಲ. ಇದ್ದದ್ದು ಹೆಂಡತಿಯ ಕೈಯ ಚಿಂತೆ. ಷಮೀಮ್ ಹನ್ನೊಂದು ವರ್ಷದಿಂದ ಅಮಾನುಲ್ಲಾನ ರೇಷ್ಮೆ ಯೂನಿಟ್ಟಿನಲ್ಲಿ ನೂಲು ತೆಗೆಯುತ್ತಿದ್ದಳು. ಬೇಸಿನ್ನಿನ ಕುದಿನೀರಿನಲ್ಲಿ ಗೂಡುಗಳು ತೇಲುತ್ತಿರುತ್ತವೆ, ಅದರೊಳಗೆ ಬೆರಳು ಹಾಕಿ ಒಂದೊಂದು ಗೂಡಿನ ನೂಲಿನ ತುದಿ ಹುಡುಕಿ ಎತ್ತಿಕೊಡಬೇಕು, ಬೆಳಗಿನಿಂದ ಸಂಜೆಯವರೆಗೆ. ಅವಳ ಬೆರಳಿನ ತುದಿಗಳು ಬೆಳ್ಳಗೆ ಬಿರಿದು, ಸಂದಿಯಲ್ಲಿ ಕೀವು ಕಟ್ಟಿ, ಚರ್ಮ ಕಿತ್ತು ಬರುತ್ತಿತ್ತು. ಖಾರ ಸೋಕಿದರೆ ಜೀವ ಹೋದ ಹಾಗೆ ಕಿರುಚುತ್ತಿದ್ದಳು. ರೊಟ್ಟಿ ಮುರಿಯಲಾಗದೆ ಖಲೀಮುಲ್ಲಾನೇ ಮುರಿದು, ಸಾರಿನಲ್ಲಿ ನೆನೆಸಿ, ಚಮಚ ಕೊಡುತ್ತಿದ್ದ. “ಬಿಸಿನೀರು ಬಿಡಮ್ಮ, ಇಲ್ಲಾಂದ್ರೆ ಬೆರಳು ಬಿಡ್ಬೇಕಾಗ್ತದೆ” ಎಂದು ಡಾಕ್ಟರು ಸಂಕ್ರಾಂತಿಯ ಹೊತ್ತಿಗೇ ಹೇಳಿದ್ದರು. ಬಿಟ್ಟು ಏನು ಮಾಡುವುದು? ಬೋರ್ಡಿನ ಕೆಲಸ ಬಂದರೆ ಬಂತು, ಇಲ್ಲದಿದ್ದರೆ ತಿಂಗಳುಗಟ್ಟಲೆ ಬ್ರಷ್ಷು ಒಣಗುತ್ತಿತ್ತು.

ಮನೆಯಲ್ಲಿ ಗಂಡಹೆಂಡಿರು ಉರ್ದುವಿನಲ್ಲೇ ಮಾತಾಡುತ್ತಿದ್ದರು. ಆ ಮಾತನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಷಮೀಮ್ ದಿನಾ ಕೇಳುತ್ತಿದ್ದದ್ದು ಒಂದೇ. “ಅಜೀ, ಇನ್ನೆಷ್ಟು ದಿನ?”

“ಏಪ್ರಿಲ್ ತನಕ ಕಣೇ. ಅಷ್ಟೇ” ಎನ್ನುತ್ತಿದ್ದ ಅವನು, ಅವಳ ಕೈ ನೋಡದೆ.

ಚಿಕ್ಕಬಳ್ಳಾಪುರದ ಹೈಸ್ಕೂಲೊಂದರಲ್ಲಿ ಚನ್ನಕೇಶವ ಎಂಬ ಡ್ರಾಯಿಂಗ್ ಮೇಷ್ಟ್ರಿದ್ದರು. ಬಾಯಿ ಕೆಟ್ಟದ್ದು, ಮನಸ್ಸು ಒಳ್ಳೆಯದು. ಖಲೀಮುಲ್ಲಾ ಜನವರಿಯಲ್ಲಿ ತನ್ನ ಚಿತ್ರಗಳ ಸುರುಳಿ ಹೊತ್ತು ಅವರ ಮುಂದೆ ಹರಡಿದಾಗ ಅವರು ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು.

“ಇದೇನಪ್ಪಾ ಇದು?”

“ಬಂಡೆಗಳು ಸಾರ್.”

“ನಾನು ನಮ್ಮ ಮಾರ್ಕೆಟ್ಟಿಗೆ ಆಲೂಗೆಡ್ಡೆ ಲೋಡು ಬಂತು ಅಂದ್ಕೊಂಡೆ.” ಬೆರಳಿನಿಂದ ಒಂದೊಂದೇ ತೋರಿಸಿದರು. “ನೋಡು, ಎಲ್ಲಾ ಬಂಡೆಗೂ ಸುತ್ತ ಕರೀ ಗೆರೆ. ಎಲ್ಲಾದಕ್ಕೂ ಬಲಗಡೆ ಕೆಳಗೆ ನೆರಳು. ಸೂರ್ಯ ಈ ಕಡೆ ಇದಾನೆ, ನೆರಳೂ ಈ ಕಡೇನೇ ಬಿದ್ದಿದೆ! ನೀನು ಬಂಡೆ ಬರೀತಿಲ್ಲ ಕಣಯ್ಯ, ಬೋರ್ಡ್ ಬರೀತಿದ್ದೀಯ. ಆಕಾಶ ಚೆನ್ನಾಗಿದೆ, ಮರ ಪರವಾಗಿಲ್ಲ. ನಮ್ಮ ಕಡೆ ಸೀನು ಅಂದ್ರೇನೇ ಬಂಡೆ. ಅದೊಂದು ಕಲಿ, ನಿನ್ನನ್ನ ಯಾರೂ ಫೇಲ್ ಮಾಡಕ್ಕಾಗಲ್ಲ.”

“ಹೆಂಗೆ ಕಲೀಲಿ ಸಾರ್?”

“ನನ್ನ ಕೇಳ್ತೀಯಾ? ನಮ್ಮೂರ ಸುತ್ತ ಇರೋದೇ ಅದು. ಹೋಗಿ ಕೂತ್ಕೊಂಡು ನೋಡು.”

ಖಲೀಮುಲ್ಲಾನಿಗೆ ಅಂದು ಬಸ್ಸಿನಲ್ಲಿ ಕೂತಾಗ ಅಳು ಬಂತು. ಮೂವತ್ತನಾಲ್ಕು ವರ್ಷ ಬಂಡೆಗಳ ನಡುವೆಯೇ ಹುಟ್ಟಿ ಬೆಳೆದವನಿಗೆ ಬಂಡೆ ಕಂಡೇ ಇಲ್ಲವೆಂದರೆ ಏನು ಹೇಳುವುದು? ಕಿಟಕಿಯಾಚೆ ಅವು ಸಾಲುಸಾಲಾಗಿ ಹೋಗುತ್ತಿದ್ದವು, ಅವನ ಕಣ್ಣಿಗೆ ಎಲ್ಲವೂ ಆಲೂಗೆಡ್ಡೆಯ ಹಾಗೇ ಕಾಣುತ್ತಿದ್ದವು.

ಮುಂದಿನ ಭಾನುವಾರ ಚಿಂತಾಮಣಿಗೆ ಹೋಗಿ, ಅಲ್ಲಿಂದ ಅಂಬಾಜಿದುರ್ಗದ ಬುಡಕ್ಕೆ ನಡೆದ. ಒಂದು ಬಂಡೆಯೆದುರು ಹಲಗೆ ಊರಿಕೊಂಡು ಕೂತ. ಬೆಳಗಿನಿಂದ ಮಧ್ಯಾಹ್ನದವರೆಗೆ ಏಳು ಹಾಳೆ ಹಾಳುಮಾಡಿದ. ಏಳನೆಯದನ್ನು ಹರಿದು ಬಿಸಾಡಿದಾಗ ಹಿಂದಿನಿಂದ ನಗು ಕೇಳಿತು.

ಐವತ್ತೈದರ ಆಸುಪಾಸಿನ ಹೆಂಗಸು, ತಲೆಗೆ ಟವಲ್ಲು ಸುತ್ತಿ, ಕೈಯಲ್ಲಿ ಸುತ್ತಿಗೆ ಹಿಡಿದು ನಿಂತಿದ್ದಳು. ಗಂಗುಲಮ್ಮ. ಆಚೆಯ ಇಳಿಜಾರಿನಲ್ಲಿ ಕಲ್ಲು ಸೀಳಿ ಕೂಚ ಮಾಡುವವಳು, ಬೇಲಿಗೆ ನೆಡುವ ಉದ್ದನೆಯ ಕಲ್ಲುಗಳನ್ನು. ಗಂಡ ಸತ್ತ ಮೇಲೆ ಅವನ ಉಳಿ ಸುತ್ತಿಗೆ ತಾನೇ ಹಿಡಿದವಳು. ಮನೆಮಾತು ತೆಲುಗು, ಕನ್ನಡದಲ್ಲೂ ಅದೇ ರಾಗ.

“ಏಮಪ್ಪಾ ಸಾಬಣ್ಣಾ, ಬೆಳಗ್ಗಿಂದ ನೋಡ್ತಾ ಇದ್ದೀನಿ, ಕಾಗದ ಹರೀತಾ ಇದ್ದೀಯ. ಆ ಕಲ್ಲು ನಿನಗೇನು ಮಾಡ್ತು?”

“ಬರೆಯಕ್ಕೆ ಬರ್ತಾ ಇಲ್ಲಮ್ಮ.”

ಅವಳು ಹರಿದ ಹಾಳೆ ಎತ್ತಿ ಜೋಡಿಸಿ ನೋಡಿದಳು. “ಅಯ್ಯೋ ದೇವುಡಾ! ಇದು ಕಲ್ಲಾ? ಇಂಥಾ ಕಲ್ಲಿಗೆ ಉಳಿ ಎಲ್ಲಿ ಇಡೋದಪ್ಪ? ಮುಖ ಇಲ್ಲ, ಪಕ್ಕ ಇಲ್ಲ, ಎಳೆ ಇಲ್ಲ. ಮತ್ತೆ ಇದನ್ನ ಯಾರು ತಂದು ನೆಲದ ಮೇಲೆ ಇಟ್ಟೋರು? ಕಲ್ಲು ಮೇಲಿಂದ ಬಿದ್ದಿರಲ್ಲ ಕಣಪ್ಪ, ಕೆಳಗಿಂದ ಎದ್ದಿರತ್ತೆ. ಕಾಣೋದು ಇಷ್ಟು, ಹೂತಿರೋದು ಅಷ್ಟು.”

ಖಲೀಮುಲ್ಲಾನಿಗೆ ರೋಷ ಉಕ್ಕಿತು. ಎದ್ದು ಹೋಗಿಬಿಡಬೇಕೆಂದುಕೊಂಡ. ಆದರೆ ಹೋಗುವುದೆಲ್ಲಿಗೆ? ಮನೆಗೆ ಹೋದರೆ ಷಮೀಮಳ ಕೈ. ಅವನು ಕೂತಲ್ಲೇ ಕೂತು, “ತೋರ್ಸಿ ಹಂಗಾದ್ರೆ” ಎಂದ.

ಗಂಗುಲಮ್ಮ ತನ್ನ ಕುಡಿಯುವ ನೀರಿನ ಕೊಡ ತಂದು ಒಂದು ಚೊಂಬು ನೀರನ್ನು ಬಂಡೆಯ ನೆತ್ತಿಗೆ ಸುರಿದಳು. ಬಂಡೆಯೆಲ್ಲ ಕಪ್ಪಾಯಿತು. “ಈಗ ಸುಮ್ನೆ ನೋಡು” ಎಂದು ಎಲೆಅಡಿಕೆ ಬಾಯಿಗೆ ಹಾಕಿಕೊಂಡಳು.

ಬಿಸಿಲಿಗೆ ನೀರು ಆರತೊಡಗಿತು. ಮೊದಲು ನೆತ್ತಿ ಬೆಳ್ಳಗಾಯಿತು. ಆಮೇಲೆ ಸೂರ್ಯನ ಕಡೆಯ ಮುಖ. ಪಕ್ಕ ಇನ್ನೂ ಕಪ್ಪಾಗಿಯೇ ಇತ್ತು, ಒಂದು ಅಂಚಿನಲ್ಲಿ ಬೆಳಕು ತಟಕ್ಕನೆ ಮುರಿದಿತ್ತು. ಇಡೀ ಪಕ್ಕ ಆರಿದ ಮೇಲೂ ಅಲ್ಲೊಂದು ಇಲ್ಲೊಂದು ಕೂದಲೆಳೆಯಂಥ ಕಪ್ಪು ಗೆರೆ ಹಸಿಯಾಗಿಯೇ ಉಳಿಯಿತು. ಬುಡದಲ್ಲಿ, ಮಣ್ಣು ಸೇರುವ ಕಡೆ, ತೇವ ಬಹಳ ಹೊತ್ತು ನಿಂತಿತು.

“ಒಣಗದೆ ಉಳೀತಲ್ಲ, ಅದೇ ಎಳೆ. ಉಳಿ ಅಲ್ಲಿ ಇಡಬೇಕು. ಬೇರೆ ಕಡೆ ಇಟ್ಟರೆ ಕಲ್ಲು ಪುಡಿ ಆಗತ್ತೆ, ಇಲ್ಲಾ ನನ್ನ ಕಣ್ಣು ಹೋಗತ್ತೆ. ಮೊದಲು ಯಾವುದು ಒಣಗತ್ತೋ ಅದು ಮುಖ. ಆಮೇಲೆ ಒಣಗೋದು ಪಕ್ಕ. ಇಷ್ಟೇ. ಗುಂಡಗಿರೋದು ಅಂತ ಯಾವುದೂ ಇಲ್ಲ ಕಣಪ್ಪಾ ಕಲ್ಲಲ್ಲಿ.”

ಖಲೀಮುಲ್ಲಾ ಬಾಯಿ ತೆರೆದು ನೋಡುತ್ತಿದ್ದ. ಹದಿನಾರು ವರ್ಷ ಎನಾಮಲ್ ಬಣ್ಣದಲ್ಲಿ ಕೈಯಾಡಿಸಿದವನು ಅವನು. ಪರೀಕ್ಷೆಗೆ ನೀರುಬಣ್ಣವೇ ಆಗಬೇಕೆಂಬ ನಿಯಮವನ್ನು ಶಪಿಸುತ್ತಾ ಬಂದಿದ್ದ. ಎನಾಮಲ್ಲಿನಲ್ಲಿ ತಪ್ಪಾದರೆ ಮೇಲೊಂದು ಕೋಟು ಹೊಡೆದು ಮುಚ್ಚಬಹುದು, ನೀರುಬಣ್ಣದಲ್ಲಿ ಯಾವುದೂ ಮುಚ್ಚುವುದಿಲ್ಲ. ಈಗ ನೋಡಿದರೆ ನೀರೇ ಅವನ ಕಣ್ಣೆದುರಿಗೆ ಬಂಡೆಯ ಚಿತ್ರ ಬರೆದು ತೋರಿಸುತ್ತಿತ್ತು. ಒಣಗಿದ ಕಡೆ ಹಾಳೆಯ ಬಿಳಿ ಬಿಡಬೇಕು. ಹಸಿ ನಿಂತ ಕಡೆ ಬಣ್ಣ ಇಡಬೇಕು.

ಹಾಗೆಂದು ಬರೆಯುವುದು ಅಂದೇ ಬಂದುಬಿಡಲಿಲ್ಲ. ಕೈ ಕೇಳಬೇಕಲ್ಲ! ಫೆಬ್ರವರಿಯೆಲ್ಲ ಕೈ ತಾನಾಗಿ ಸುತ್ತ ಗೆರೆ ಎಳೆಯುತ್ತಿತ್ತು, ತಾನಾಗಿ ಬಲಕ್ಕೆ ನೆರಳು ಕೊಡುತ್ತಿತ್ತು. ಗಂಗುಲಮ್ಮ ಕೂಚ ಸೀಳುತ್ತಾ ಅತ್ತಲಿಂದಲೇ ಬೈಯುತ್ತಿದ್ದಳು. “ಮತ್ತೆ ಗುಂಡು ಮಾಡಿದೆ! ಏನು, ಲಾಡು ಕಟ್ಟೋನಾ ನೀನು?” ಅವನು ಗೆರೆ ಎಳೆಯುವ ಉದ್ದ ಬ್ರಷ್ಷನ್ನು ಮನೆಯಲ್ಲೇ ಬಿಟ್ಟು ಬರತೊಡಗಿದ. ಸೂರ್ಯನನ್ನು ಬಲಕ್ಕೆ ಇಟ್ಟುಕೊಂಡೇ ಕೂರತೊಡಗಿದ, ನೆರಳು ಎಡಕ್ಕೇ ಬೀಳಲಿ ಎಂದು. ಒಂದು ಭಾನುವಾರ ಅವಳ ಉಳಿ ಕೇಳಿ ಪಡೆದು ಎಳೆಯ ಮೇಲಿಟ್ಟು ಹೊಡೆದ. ಕಲ್ಲು ಠಣ್ಣೆಂದು ಇಬ್ಭಾಗವಾಯಿತು, ಅವನ ಭುಜ ಎರಡು ದಿನ ನೋಯಿತು.

ಮನೆಯಲ್ಲಿ ಷಮೀಮಳ ಎಡಗೈಯ ಉಂಗುರದ ಬೆರಳಿನ ಉಗುರು ಕಿತ್ತುಬಂದಿತ್ತು. ಅವಳು ಅದಕ್ಕೆ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಹೋದಳು. “ಅಜೀ, ಕಲ್ಲು ಬಂತಾ?” ಎಂದು ಕೇಳುತ್ತಿದ್ದಳು, ಮಗುವಿಗೆ ಹಲ್ಲು ಬಂತಾ ಎಂದು ಕೇಳಿದ ಹಾಗೆ. ಬಂತು ಎನ್ನಲು ಅವನಿಗೆ ಧೈರ್ಯ ಬರುತ್ತಿರಲಿಲ್ಲ, ಇಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ.

ಮಾರ್ಚಿನ ಕಡೆಯ ಭಾನುವಾರ ಗಂಗುಲಮ್ಮ ಅವನ ಹಾಳೆ ಹಿಡಿದು ತುಂಬ ಹೊತ್ತು ನೋಡಿದಳು. ಹೆಬ್ಬೆರಳನ್ನು ಚಿತ್ರದ ಬಂಡೆಯ ಪಕ್ಕದಲ್ಲಿದ್ದ ಒಂದು ಗೆರೆಯ ಮೇಲೆ ಇಟ್ಟು, “ಇಲ್ಲಿ ಇಡಬಹುದು ಉಳಿ” ಎಂದಳು. ಖಲೀಮುಲ್ಲಾ ಬಗ್ಗಿ ಅವಳ ಕಾಲು ಮುಟ್ಟಿದ. “ಥೂ, ಏಳಪ್ಪಾ, ನೀನೊಬ್ಬ!” ಎಂದು ಅವಳು ನಾಚಿ ಸುತ್ತಿಗೆ ಎತ್ತಿಕೊಂಡು ಹೋದಳು.

ಪರೀಕ್ಷೆ ಚಿಕ್ಕಬಳ್ಳಾಪುರದಲ್ಲಿ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ. ಹಾಲಿನಲ್ಲಿ ನಲವತ್ತು ಜನ, ಅವನಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರೇ ಹೆಚ್ಚು. ದಪ್ಪ ಹಾಳೆಯನ್ನು ಕೈಗಿಟ್ಟ ಮೇಲ್ವಿಚಾರಕರು ಗಟ್ಟಿಯಾಗಿ ಓದಿದರು. “ಹಾಳೆಯ ಹಿಂದೆ ನಂಬರ್ ಮಾತ್ರ. ಮುಂದೆ, ಹಿಂದೆ, ಎಲ್ಲೇ ಆಗಲಿ ಹೆಸರು, ಸಹಿ, ಗುರುತು ಕಂಡರೆ ಹಾಳೆ ರದ್ದು. ಆಮೇಲೆ ಬಂದು ಅಳಬೇಡಿ.” ಖಲೀಮುಲ್ಲಾ ಅದನ್ನು ಹಿಂದೆ ಎರಡು ಸಲ ಕೇಳಿದ್ದ. ಆ ಎರಡು ಸಲವೂ ಹೆಸರು ಹಾಕುವ ಯೋಚನೆಯೇ ಅವನ ಹತ್ತಿರ ಸುಳಿದಿರಲಿಲ್ಲ. ತನ್ನದೆಂದು ಹೇಳಿಕೊಳ್ಳಲು ನಾಚಿಕೆಯಾಗುವಂಥ ಆಲೂಗೆಡ್ಡೆಗಳಿಗೆ ಯಾರು ಹೆಸರು ಹಾಕುತ್ತಾರೆ?

ಪ್ರಶ್ನೆಪತ್ರಿಕೆಯಲ್ಲಿ ಒಂದೇ ಸಾಲು. ನಿಮ್ಮ ಊರಿನ ಹೊರಗಿನ ಬಂಡೆಗಳಿರುವ ಒಂದು ದೃಶ್ಯ, ಬೆಳಗಿನ ಹೊತ್ತು, ನೆನಪಿನಿಂದ. ಅವನು ಕಣ್ಣು ಮುಚ್ಚಿ, ಒಳಗೇ ಒಂದು ಚೊಂಬು ನೀರು ಸುರಿದ.

ಎರಡು ಗಂಟೆ ನಲವತ್ತು ನಿಮಿಷ ಅವನು ತಲೆಯೆತ್ತಲಿಲ್ಲ. ದೂರಕ್ಕೆ ಅಂಬಾಜಿದುರ್ಗದ ನೀಲಿ ಬೆನ್ನು, ನಡುವೆ ನಾಲ್ಕು ಬಂಡೆ, ಎರಡು ಸೀತಾಫಲದ ಗಿಡ, ಬಲಗಡೆ ಕೆಳಗೆ ಖಾಲಿ ನೆಲದ ಮೇಲೆ ಬಿದ್ದ ಎಳೆಬಿಸಿಲು. ಬಂಡೆಯ ನೆತ್ತಿಗಳಲ್ಲಿ ಹಾಳೆಯ ಬಿಳಿ ಬಿಟ್ಟ. ಪಕ್ಕಗಳಿಗೆ ತಣ್ಣನೆಯ ಬೂದಿ. ಬಿರುಕಿಗೆ ಒಂದೇ ಒಂದು ಸಲ ಬ್ರಷ್ಷು ತಾಕಿಸಿದ. ಬುಡವನ್ನು ಮಣ್ಣಿನಲ್ಲಿ ಕರಗಿಸಿದ. ಕೊನೆಯ ಗಿಡದ ಕೊನೆಯ ಎಲೆ ಇಟ್ಟು ಹಿಂದಕ್ಕೆ ಒರಗಿ ನೋಡಿದ.

ಬಂಡೆ! ಅಲ್ಲಾ, ಅದು ಬಂಡೆಯೇ! ಕೈ ಇಟ್ಟರೆ ತಣ್ಣಗೆ ತಾಕುವಂಥ, ಹಿಂದಿನಿಂದ ಒಬ್ಬ ಮನುಷ್ಯ ಎದ್ದು ಬರಬಹುದಾದಂಥ ಬಂಡೆ. ಅದನ್ನು ತಾನೇ ಬರೆದೆನೆಂದು ಅವನಿಗೆ ನಂಬಲಾಗಲಿಲ್ಲ. ಷಮೀಮ್ ನಾಳೆಯಿಂದ ಆ ಹಾಳು ಬೇಸಿನ್ನಿನ ಹತ್ತಿರ ಹೋಗಬೇಕಾಗಿಲ್ಲ ಎಂದು ಮನಸ್ಸು ಕುಣಿಯಿತು. ಕಣ್ಣು ತುಂಬಿಕೊಂಡು ಹಾಳೆ ಮಂಜಾಯಿತು. ಕೈ ತನ್ನ ಪಾಡಿಗೆ ಸಣ್ಣ ಬ್ರಷ್ಷನ್ನು ಎತ್ತಿಕೊಂಡಿತು, ಗಾಢ ಕಂದು ಬಣ್ಣದಲ್ಲಿ ಅದ್ದಿತು, ಬಲಗಡೆ ಕೆಳಮೂಲೆಗೆ ಹೋಯಿತು.

ಬಾಲವನ್ನು ಹಿಂದಕ್ಕೆಳೆದು ಅಡಿಗೆರೆ ಮುಗಿಸಿ, ಬ್ರಷ್ಷು ತೊಳೆಯಲು ಡಬ್ಬಿಗೆ ಹಾಕಿದ ಮೇಲೆ ಅವನಿಗೆ ಎಚ್ಚರವಾಯಿತು.

ಖಲೀಮ್.

ಎಳೆಬಿಸಿಲಿನ ಮೇಲೆ, ಅಚ್ಚುಕಟ್ಟಾಗಿ, ಹದಿನಾರು ವರ್ಷದ ಕೈಯಲ್ಲಿ.

ಅಂಗಿಯ ತೋಳಿನಿಂದ ಒತ್ತಿದ. ಒದ್ದೆ ಬಟ್ಟೆಯಿಂದ ಉಜ್ಜಿದ. ಬಣ್ಣ ಹಾಳೆಯೊಳಗೆ ಇಳಿದುಬಿಟ್ಟಿತ್ತು. ಉಜ್ಜಿದಷ್ಟೂ ಹಾಳೆ ನೂಲುನೂಲಾಗಿ ಎದ್ದು ತೆಳ್ಳಗಾಯಿತೇ ಹೊರತು ಹೆಸರು ಹೋಗಲಿಲ್ಲ. ಕೈಯೇ, ನಿನಗೆ ಹುಳ ಬೀಳಲಿ, ಎಂದು ಬಲಗೈಯನ್ನು ಎಡಗೈಯಿಂದ ಗುದ್ದಿದ. ಪಕ್ಕದ ಹುಡುಗಿ ತಿರುಗಿ ನೋಡಿದಳು. ಗೋಡೆಯ ಗಡಿಯಾರದಲ್ಲಿ ಹದಿನೈದು ನಿಮಿಷ ಉಳಿದಿತ್ತು. ಹೊಸ ಹಾಳೆಯಲ್ಲಿ ಮತ್ತೆ ಬರೆಯುವ ಮಾತೇ ಇಲ್ಲ. ಮೇಲ್ವಿಚಾರಕರು ಮೂರು ಸಾಲು ಆಚೆ ನಿಧಾನವಾಗಿ ನಡೆದು ಬರುತ್ತಿದ್ದರು.

ಉಳಿದದ್ದು ಒಂದೇ ದಾರಿ. ಆ ಜಾಗದಲ್ಲೊಂದು ಕಲ್ಲು ಇಟ್ಟು ಹೆಸರನ್ನು ಹೂತುಹಾಕಬೇಕು.

ಹೆದರಿದ ಕೈ ಹಳೆಯ ದಾರಿಗೇ ಹೋಯಿತು. ಬೂದಿ ಬಣ್ಣದಲ್ಲಿ ಗುಂಡಗೆ ಒಂದು ಮುದ್ದೆ ಹಚ್ಚಿತು. ಅದು ಅಪ್ಪಟ ಆಲೂಗೆಡ್ಡೆ, ಅದರ ಹೊಟ್ಟೆಯೊಳಗಿಂದ ಖಲೀಮ್ ಎಂಬುದು ಇಣುಕುತ್ತಿತ್ತು. ಎನಾಮಲ್ ಆಗಿದ್ದರೆ ಒಂದೇ ಏಟಿಗೆ ಮುಚ್ಚುತ್ತಿತ್ತು. ಯಾ ಅಲ್ಲಾ, ಈಗ ಏನು ಮಾಡಲಿ? ಅವನಿಗೆ ಷಮೀಮಳ ಬಟ್ಟೆ ಸುತ್ತಿದ ಬೆರಳು ಕಂಡಿತು. ಆಮೇಲೆ ಗಂಗುಲಮ್ಮನ ಬೈಗುಳ ಕೇಳಿತು. ಮತ್ತೆ ಗುಂಡು ಮಾಡಿದೆ!

ಹಸಿ ಎಲ್ಲಿ ನಿಲ್ಲುತ್ತದೆ? ಅಕ್ಷರಗಳು ಹಸಿಯಾಗಿದ್ದವು. ಹಾಗಾದರೆ ಅವೇ ಎಳೆ. ಅವೇ ಬಿರುಕು. ಅವನು ಉಸಿರು ಬಿಗಿಹಿಡಿದು, ಮುದ್ದೆಯ ಗುಂಡನ್ನು ಒಂದು ಚೂಪು ಅಂಚಿನಿಂದ ಮುರಿದ. ಮೊದಲ ಅಕ್ಷರದ ಸುತ್ತನ್ನು ಒಂದು ಒರಟು ಗೆರೆಯಿಂದ ಸೀಳಿ ಎರಡು ಚೂರು ಮಾಡಿದ. ಎರಡನೆಯದರ ದೀರ್ಘವನ್ನು ಎಳೆದು ನೆಲದವರೆಗೆ ಇಳಿಸಿ ಬಿರುಕು ಮಾಡಿದ. ಕಡೆಯದನ್ನು ಪಕ್ಕದ ನೆರಳಿನಲ್ಲಿ ಮುಳುಗಿಸಿದ. ಅಡಿಗೆರೆಯನ್ನು ಬುಡದ ತೇವ ಮಾಡಿ ಮಣ್ಣಿಗೆ ಸೇರಿಸಿದ. ಅಷ್ಟು ವರ್ಷ ಒಂದು ಕೂದಲೂ ಕೊಂಕದಂತೆ ಬರೆದ ಅಕ್ಷರಗಳನ್ನು ತನ್ನ ಕೈಯಿಂದಲೇ ಕಲ್ಲು ಒಡೆದಂತೆ ಒಡೆದ. ಗಂಟೆ ಬಾರಿಸಿದಾಗ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಮೇಲ್ವಿಚಾರಕರು ಹಾಳೆ ಎತ್ತಿಕೊಂಡು, ತೋಳುದ್ದ ಹಿಡಿದು ನೋಡಿದರು. “ಚೆನ್ನಾಗಿದೆ ಕಣ್ರೀ” ಎಂದರು. “ಈ ಮೂಲೆ ಕಲ್ಲು ಇದೆಯಲ್ಲ, ಇದಂತೂ ಎಡವಿಬಿಡ್ತೀವೇನೋ ಅನ್ನೋ ಹಂಗಿದೆ.”

ಅಂದು ಮನೆಯಲ್ಲಿ ಅವನು “ಬರೆದೆ” ಎಂದಷ್ಟೇ ಅಂದ. ಷಮೀಮ್ ನಮಾಜಿನ ಚಾಪೆಯಿಂದ ಏಳಲೇ ಇಲ್ಲ, ಅಷ್ಟು ಹೊತ್ತು ದುವಾ ಮಾಡಿದಳು. ಅವನಿಗೆ ಅನ್ನ ಸೇರಲಿಲ್ಲ. ಕಲ್ಲು ಕಂಡರೂ ಹೆಸರು ಕಾಣುತ್ತಿತ್ತು, ಗೋಡೆ ಕಂಡರೂ ಹೆಸರು ಕಾಣುತ್ತಿತ್ತು. ಊರಿನ ಒಂದೊಂದು ಬೋರ್ಡಿನ ಮೂಲೆಯೂ ಅವನನ್ನು ಹಂಗಿಸುತ್ತಿತ್ತು. ಒಮ್ಮೊಮ್ಮೆ, ಯಾರಿಗೂ ಕಾಣಲಿಲ್ಲ, ಮೇಲ್ವಿಚಾರಕರಿಗೇ ಕಾಣಲಿಲ್ಲ ಎಂದು ಧೈರ್ಯ ತಂದುಕೊಳ್ಳುತ್ತಿದ್ದ. ಹಾಗೆ ಎರಡು ತಿಂಗಳು ಉರುಳಿತು.

ಜೂನ್ ತಿಂಗಳ ಒಂದು ಬೆಳಗ್ಗೆ ಪಟ್ಟಿ ಅಂಟಿಸಿದರು. ಅವನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ, ಪಕ್ಕದವರನ್ನು ನೂಕಿಕೊಂಡು ಮತ್ತೊಮ್ಮೆ ನೋಡಿದ. ಅವನ ನಂಬರು ಇರಲಿಲ್ಲ. ಅಲ್ಲಿಂದ ಚನ್ನಕೇಶವ ಮೇಷ್ಟ್ರ ಮನೆಗೆ ಹೇಗೆ ನಡೆದನೋ ಅವನಿಗೇ ಗೊತ್ತಿಲ್ಲ.

ಮೇಷ್ಟ್ರು ಬಾಗಿಲಲ್ಲೇ ಅವನನ್ನು ನೋಡಿ ತಲೆ ತಗ್ಗಿಸಿದರು. ಕೂರಿಸಿ, ನೀರು ಕೊಟ್ಟು, ಆಮೇಲೆ ಹೇಳಿದರು.

“ನನ್ನ ಸ್ನೇಹಿತ ಒಬ್ಬ ವ್ಯಾಲ್ಯುಯೇಷನ್ನಿಗೆ ಹೋಗಿದ್ದ. ಮೊನ್ನೆ ಸಿಕ್ಕಿದ್ದ, ಅವನೇ ಹೇಳಿದ್ದು. ಇನ್ನೂರು ಹಾಳೆ ನೋಡಿದ್ರಂತೆ. ನಿಂದು ಬಂದಾಗ ಎಲ್ಲಾರೂ ಎದ್ದು ನಿಂತ್ರಂತಪ್ಪ. ಇವನ್ಯಾವನೋ ಬಂಡೆ ಬರೆದಿದ್ದಾನೆ ನೋಡ್ರಯ್ಯ ಅಂತ. ಆ ಮೂಲೆ ಕಲ್ಲನ್ನ ಬೆಳಕಲ್ಲಿ ನೋಡಣ ಅಂತ ಕಿಟಕಿ ಹತ್ರ ತಗೊಂಡೋಗಿ ಎತ್ತಿ ಹಿಡಿದ್ರಂತೆ. ಅಲ್ಲಿ ಹಾಳೆ ಉಜ್ಜಿ ತೆಳ್ಳಗಾಗಿತ್ತಂತೆ. ಹಿಂದಿಂದ ಬಿಸಿಲು ಬಿತ್ತು. ಹೆಸರು ಕಾಣ್ತು.”

ಖಲೀಮುಲ್ಲಾ ನೆಲ ನೋಡುತ್ತಾ ಕೂತಿದ್ದ.

“ಸುಮಾರಾಗಿ ಬರೆದಿದ್ದಿದ್ರೆ ಯಾವನೂ ಎತ್ತಿ ನೋಡ್ತಾನೇ ಇರ್ಲಿಲ್ಲ ಕಣೋ” ಎಂದರು ಮೇಷ್ಟ್ರು. “ಪಾಸ್ ಆಗೋಗ್ತಿದ್ದೆ. ಯಾಕಯ್ಯಾ ಹೆಸರು ಹಾಕ್ದೆ? ಯಾಕೆ?”

“ಚೆನ್ನಾಗಿ ಬಂದಿತ್ತು ಸಾರ್” ಎಂದ ಖಲೀಮುಲ್ಲಾ.

ಅಂದು ಷಮೀಮಳಿಗೆ ಎಲ್ಲವನ್ನೂ ಹೇಳಿದ, ಒಂದೂ ಮುಚ್ಚಿಡದೆ. ಅವಳು ಮೊದಲು ಕೇಳಿದ್ದನ್ನು ನಂಬಲಿಲ್ಲ. ನಂಬಿದ ಮೇಲೆ ಎದ್ದು ನಿಂತಳು.

“ಬೆಂಕಿ ಬೀಳ್ಲಿ ನಿಮ್ಮ ಹೆಸರಿಗೆ!” ಎಂದು ಕೂಗಿದಳು. “ಮೂರು ಗಂಟೆ ಹೊತ್ತು ಸುಮ್ನಿರೋಕಾಗ್ಲಿಲ್ವಾ ಆ ಹೆಸರಿಗೆ? ಹನ್ನೊಂದು ವರ್ಷ ನಾನು ಸುಮ್ನಿದ್ದೆ!” ಎರಡೂ ಕೈಯನ್ನು ಅವನ ಮುಖದ ಮುಂದೆ ಹಿಡಿದಳು. “ನೋಡಿ. ಇವತ್ತಾದ್ರೂ ನೋಡಿ.”

ಅವನು ನೋಡಿದ. ಅಷ್ಟು ದಿನ ಓರೆಗಣ್ಣಿನಿಂದ ನೋಡಿ ಕಣ್ಣು ತಪ್ಪಿಸಿದ್ದನ್ನು ಅಂದು ನೆಟ್ಟಗೆ ನೋಡಿದ. ಗಂಗುಲಮ್ಮನ ಬಂಡೆಯನ್ನು ನೋಡಿದ ಹಾಗೆ, ಯಾವ ಕಡೆ ಒಣಗಿದೆ, ಯಾವ ಬಿರುಕಿನಲ್ಲಿ ಹಸಿ ನಿಂತಿದೆ ಎಂದು ನೋಡಿದ. ಹತ್ತು ಬೆರಳಿನಲ್ಲಿ ಚರ್ಮ ಪೂರ್ತಿ ಇದ್ದದ್ದು ಮೂರಕ್ಕೆ. ಅವನು ಗೋಡೆಗೆ ತಲೆ ಕೊಟ್ಟು ಬಿಕ್ಕಿ ಬಿಕ್ಕಿ ಅತ್ತ. ಅವಳು ಸಮಾಧಾನ ಮಾಡಲು ಬರಲಿಲ್ಲ.

ಮಾರನೆಯ ದಿನ ಷಮೀಮ್ ಏಳುವುದಕ್ಕೆ ಮುಂಚೆಯೇ ಅವನು ಅಮಾನುಲ್ಲಾನ ಯೂನಿಟ್ಟಿಗೆ ಹೋಗಿ, ಅವಳ ಬೇಸಿನ್ನಿನ ಮುಂದಿನ ಮಣೆಯ ಮೇಲೆ ಕೂತ. ಬೆಂದ ಹುಳುವಿನ ವಾಸನೆಗೆ ಅಂಗಿಯ ತೋಳಿನಿಂದ ಮೂಗು ಮುಚ್ಚಿಕೊಂಡ. ಹಾಜರಿ ಪುಸ್ತಕ ಹಿಡಿದು ಬಂದ ಅಮಾನುಲ್ಲಾ ಕಣ್ಣರಳಿಸಿದ.

“ಏನು ಖಲೀಂಭಾಯಿ, ಬೋರ್ಡು ಬರೆಯಕ್ಕೆ ಬಂದ್ರಾ?”

“ಷಮೀಮ್ ಬದ್ಲು ಬಂದಿದ್ದೀನಿ. ಅವಳ ಕೈ ವಾಸಿ ಆಗೋ ತನಕ.”

“ಸರಿ, ನಿಮ್ಮ ಹೆಸರು ಸೇರಿಸ್ಕೊಳ್ತೀನಿ ಹಂಗಾದ್ರೆ.”

“ಬೇಡ” ಎಂದ ಖಲೀಮುಲ್ಲಾ. “ಅವಳ ಹೆಸರೇ ಇರ್ಲಿ.”

ಬಲಗೈ ನೀರಿಗೆ ಹಾಕಿದ. ಭುಜದವರೆಗೂ ಉರಿ ಏರಿತು, ತಡೆಯಲಾಗದೆ ಹೊರಗೆ ಎಳೆದುಕೊಂಡ. ಮತ್ತೆ ಹಾಕಿದ. ಗೂಡುಗಳು ಬೆರಳಿಗೆ ಸಿಕ್ಕದೆ ಜಾರಿದವು, ಒಂದಕ್ಕೂ ತುದಿ ಸಿಕ್ಕಲಿಲ್ಲ. ಪಕ್ಕದ ಬೇಸಿನ್ನಿನ ಹೆಂಗಸರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಅಷ್ಟರಲ್ಲಿ ಷಮೀಮ್ ಓಡುತ್ತಾ ಬಂದಳು. ದಾರಿಯಲ್ಲಿ ಯಾರೋ ಹೇಳಿದ್ದಿರಬೇಕು, ದುಪಟ್ಟಾ ಜಾರಿದ್ದೂ ಗೊತ್ತಿರಲಿಲ್ಲ ಅವಳಿಗೆ.

“ತೆಗೀರಿ ಕೈಯ! ತೆಗೀರಿ ಅಂದ್ರೆ!” ಅವನ ಮಣಿಕಟ್ಟು ಹಿಡಿದು ನೀರಿನಿಂದ ಎಳೆದಳು. ಕೆಂಪಗೆ ಬೆಂದ ಬೆರಳುಗಳಿಗೆ ಬಾಯಿಂದ ಗಾಳಿ ಊದಿದಳು. “ಹುಚ್ಚು ಹಿಡೀತಾ ನಿಮಗೆ? ಬ್ರಷ್ ಹಿಡಿಯೋ ಕೈ ಅದು!”

“ಹಾಳಾಗ್ಲಿ ಈ ಕೈ. ಇದೇ ಮಾಡಿದ್ದು ಎಲ್ಲಾನೂ. ನೀನು ಮನೆಗೆ ಹೋಗು. ನಾನು ಏಳಲ್ಲ ಷಮೀಮ್, ನೀನು ಏನಾದ್ರೂ ಅನ್ನು.”

ಅವಳು ಅವನ ಮುಖ ನೋಡಿದಳು. ಏಳುವುದಿಲ್ಲವೆಂದು ತಿಳಿಯಿತು. ಮೂಗು ಒರೆಸಿಕೊಂಡು, ಮಣೆಯ ಪಕ್ಕದಲ್ಲಿ ನೆಲಕ್ಕೆ ಕೂತಳು. ಅವನ ಬಲಗೈಯನ್ನು ಎತ್ತಿ, ತನ್ನ ದುಪಟ್ಟಾದಿಂದ ಒತ್ತಿ ಒರೆಸಿ, ಅವನ ಬೆನ್ನ ಹಿಂದಕ್ಕೆ ಇಟ್ಟಳು.

“ಎಡಗೈ ಹಾಕಿ” ಎಂದಳು. “ಪೂರ್ತಿ ಮುಳುಗಿಸ್ಬೇಡಿ, ತುದಿ ಮಾತ್ರ. ಹಾ, ಹಂಗೆ. ಈಗ ಗೂಡಿನ ಮೇಲೆ ಮೆಲ್ಲಗೆ ಸವರಿ. ಎಲ್ಲಿ ಸಡಿಲ ಇರತ್ತೋ ಅಲ್ಲೇ ಇರತ್ತೆ ತುದಿ. ಬಲಗೈ ಹಿಂದೇನೇ ಇರ್ಲಿ, ಮುಂದೆ ತರಕೂಡದು.”

ಖಲೀಮುಲ್ಲಾ ಬಲಗೈ ಹಿಂದಿಟ್ಟುಕೊಂಡು ಎಡಗೈಯಲ್ಲಿ ಹುಡುಕತೊಡಗಿದ. ಬಹಳ ಹೊತ್ತಿನ ಮೇಲೆ ಒಂದು ತುದಿ ಸಿಕ್ಕಿತು. “ಬಿಡಬೇಡಿ, ಎತ್ತಿ” ಎಂದಳು ಷಮೀಮ್.